ಬೀಬಮ್ಮನ ಹರಕೆ ದುಡ್ಡು

ಕಗ್ಗದಾಸಪುರದ ಕೆರೆಯಂಗಳದ ಗರಿಕೆ ಹುಲ್ಲೆಂದರೆ ಬೆಂಗಳೂರು ದಂಡಿನ ಜಟಕಾ ಕುದುರೆಗಳಿಗೆ ಬಲು ಇಷ್ಟ. ಮುನಿವೆಂಕಟಮ್ಮ ಬೆಳಕು ಹರಿಯುವಾಗಲೇ ಕುಡುಗೋಲು ಹಿಡಿದು ಕೆರೆಗೆ ಇಳಿಯುತ್ತಿದ್ದಳು. ಒಂದು ಹೊರೆಯಾಗುವಷ್ಟು ಕೊಯ್ದು, ನೀರಿನಲ್ಲಿ ಜಾಲಿಸಿ, ಮಣ್ಣು ಕೊಡವಿ, ತಲೆಯ ಮೇಲೆ ಸಿಂಬೆ ಇಟ್ಟು ಹೊರೆ ಏರಿಸಿಕೊಂಡಳೆಂದರೆ ತಿಪ್ಪಸಂದ್ರ ದಾಟಿ, ಹಲಸೂರು ಕೆರೆಯ ಏರಿ ಹಿಡಿದು, ದಂಡಿನ ಸಂದಿಗೊಂದಿಗಳನ್ನು ಹೊಕ್ಕ ಮೇಲೆಯೇ ಅದನ್ನು ಇಳಿಸುವುದು. ದಾರಿಯಲ್ಲಿ ನಿಂತರೆ ಮತ್ತೆ ತಲೆಗೆ ಎತ್ತಿಕೊಡುವವರು ಬೇಕಲ್ಲ, ಅದಕ್ಕೇ ನಿಲ್ಲುತ್ತಿರಲಿಲ್ಲ.

ಅವಳು ಹುಲ್ಲು ಇಳಿಸುತ್ತಿದ್ದುದು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಶಂಶುನ್ನೀಸಾ ಅವರ ಮನೆಯ ಅಂಗಳದಲ್ಲಿ. ಗಂಡ ತೀರಿಹೋದ ಮೇಲೆ ಆಕೆ ಆತನ ಜಟಕಾಗಳನ್ನು ಮಾರದೆ, ಬಾಡಿಗೆಗೆ ಬಿಟ್ಟು ಸಂಸಾರ ನಡೆಸುತ್ತಿದ್ದರು. ಬಾಗಿಲ ಪರದೆಯ ಹಿಂದೆ ಕೂತೇ ಯಾವ ಕುದುರೆಗೆ ಲಾಳ ಸವೆದಿದೆ, ಯಾವುದಕ್ಕೆ ಹುರುಳಿ ಕಡಿಮೆಯಾಗಿದೆ ಎಂದು ಹೇಳಬಲ್ಲ ಹೆಂಗಸು. ಹಳ್ಳಿಯಿಂದ ಬರುವವರಿಗೆಲ್ಲ ಅವರು ಬೀಬಮ್ಮ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಒಂದು ಬೆಳಿಗ್ಗೆ. ಹುಲ್ಲಿನ ದುಡ್ಡು ಸೆರಗಿಗೆ ಕಟ್ಟಿಕೊಂಡು ಹೊರಟಿದ್ದ ಮುನಿವೆಂಕಟಮ್ಮನನ್ನು ಬೀಬಮ್ಮ ಪರದೆ ಸರಿಸಿ ಕರೆದರು.

"ವೆಂಕಟಮ್ಮ, ಇಲ್ಲಿ ಬಾ. ಕೈ ನೀಡು."

ನೀಡಿದಳು. ಅಂಗೈಯಲ್ಲಿ ಹತ್ತು ರೂಪಾಯಿಯ ಎರಡು ನೋಟುಗಳನ್ನು ಇಟ್ಟು ಬೀಬಮ್ಮ ತಾವೇ ಅವಳ ಬೆರಳು ಮಡಿಸಿದರು.

"ಇದು ನಿಂದು. ತಿಂಗಳು ತಿಂಗಳು ಕೊಡ್ತೀನಿ, ಒಂದು ವರ್ಷ. ಹುಲ್ಲಿನ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಏನ್ ಕೆಲ್ಸ ಮಾಡ್ಬೇಕು ಬೀಬಮ್ಮ?"

"ಏನೂ ಮಾಡ್ಬೇಡ. ಮನೆಗೆ ಹೋಗು."

ಅಷ್ಟರಲ್ಲಿ ಜಟಕಾದವನೊಬ್ಬ ಹೊರಗೆ ಕೂಗಿದ. ಬೀಬಮ್ಮ ಆ ಕಡೆ ತಿರುಗಿದರು. ಅಷ್ಟು ದುಡ್ಡನ್ನು ಮುನಿವೆಂಕಟಮ್ಮ ಎಂದೂ ಒಟ್ಟಿಗೆ ಹಿಡಿದವಳಲ್ಲ. ದಾರಿಯುದ್ದಕ್ಕೂ ಕುಪ್ಪಸದೊಳಗೆ ಕೆಂಡ ಇಟ್ಟುಕೊಂಡವಳಂತೆ ನಡೆದಳು. ಮನೆಗೆ ಬಂದವಳೇ ಯಾರಿಗೂ ಹೇಳದೆ ನೋಟುಗಳನ್ನು ಬಟ್ಟೆಯಲ್ಲಿ ಸುತ್ತಿ ರಾಗಿ ಹಿಟ್ಟಿನ ಮಡಕೆಯ ತಳಕ್ಕೆ ತಳ್ಳಿದಳು. ಬೀಬಮ್ಮ ನಾಳೆ ಮನಸ್ಸು ಬದಲಾಯಿಸಿ ವಾಪಸ್ಸು ಕೇಳಿದರೆ ಹಾಗೇ ಕೊಡಲು ಇರಲಿ ಎಂಬುದು ಅವಳ ಲೆಕ್ಕ.

ಆದರೆ ಆ ಮನೆಯಲ್ಲಿ ಹಿಟ್ಟಿನ ಮಡಕೆಯ ತಳ ಮುಟ್ಟಲು ಬಹಳ ಹೊತ್ತು ಬೇಕಾಗುತ್ತಿರಲಿಲ್ಲ. ಮರುದಿನ ಅತ್ತೆ ಚಿಕ್ಕಮುನಿಯಮ್ಮ ಮಡಕೆಗೆ ಕೈ ಹಾಕಿದಾಗ ಗಂಟು ಸಿಕ್ಕಿತು. ಮುದುಕಿ ಅದನ್ನು ಬಿಚ್ಚಿ, ನೋಡಿ, ಮಗನ ಮುಂದೆ ಇಟ್ಟಳು.

ಮಗ ಮುನಿಆಂಜನಪ್ಪ ಮೊದಲೇ ನೊಂದು ಕೂತಿದ್ದ ಮನುಷ್ಯ. ಯುದ್ಧಕಾಲದಲ್ಲಿ ಮಿಲಿಟರಿ ಕ್ಯಾಂಪಿನಲ್ಲಿ ಮೂಟೆ ಹೊರುವ ಕೆಲಸವಿತ್ತು. ಯುದ್ಧ ಮುಗಿಯಿತು, ಸೋಲ್ಜರುಗಳು ಹೊರಟರು, ಗುಡಾರ ಬಿಚ್ಚಿದರು, ಅವನ ಕೆಲಸವೂ ಅದರ ಜೊತೆಗೇ ಹೋಯಿತು. ಊರ ಪಕ್ಕದಲ್ಲಿ ಒಂದು ತುಂಡು ಹೊಲವಿತ್ತು. ಅದರ ಬಾವಿ ಅಪ್ಪನ ಕಾಲದಲ್ಲೇ ಕುಸಿದು ಮುಚ್ಚಿಹೋಗಿತ್ತು. ಮಳೆ ಬಂದರೆ ಒಂದಿಷ್ಟು ರಾಗಿ, ಉಳಿದ ತಿಂಗಳಿಗೆ ರೇಷನ್ ಅಂಗಡಿ. ಅಲ್ಲಿ ರಾಗಿ ಬಂದ ದಿನ ಇವರ ಕೈಯಲ್ಲಿ ದುಡ್ಡಿರುತ್ತಿರಲಿಲ್ಲ. ದುಡ್ಡಿದ್ದ ದಿನ ಅಲ್ಲಿ ರಾಗಿ ಇರುತ್ತಿರಲಿಲ್ಲ.

"ಇದ್ಯಾವ ದುಡ್ಡೇ?" ಎಂದ.

"ಬೀಬಮ್ಮ ಕೊಟ್ರು."

"ಯಾಕ್ ಕೊಟ್ರು?"

"ಗೊತ್ತಿಲ್ಲ."

"ಯಾಕಂತ ಗೊತ್ತಿಲ್ದೆ ಕೈ ನೀಡ್ದಾ? ನಾವೇನ್ ಬೇಡೋ ಜನಾನಾ? ನಡಿ. ಈಗ್ಲೇ ವಾಪಸ್ ಕೊಟ್ಟು ಬರಾನ."

ಮಗಳು ಶಾಂತಕುಮಾರಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ದಂಡಿಗೆ ಹೊರಟರು. ಗಂಡ ಮುಂದೆ, ಹೆಂಡತಿ ಹಿಂದೆ. ತಲೆಯ ಮೇಲೆ ಹೊರೆಯಿಲ್ಲದೆ ಆ ದಾರಿ ನಡೆಯುವುದು ಮುನಿವೆಂಕಟಮ್ಮನಿಗೆ ಹೊಸದು. ಕುತ್ತಿಗೆ ಹಗುರಾಗಿತ್ತು, ಎದೆ ಮಾತ್ರ ಭಾರ.

ಬೀಬಮ್ಮನ ಅಂಗಳದಲ್ಲಿ ತೆಳ್ಳನೆಯ ಯುವಕನೊಬ್ಬ ಕುದುರೆಯ ಮೈ ಉಜ್ಜುತ್ತಿದ್ದ. ಅಂಗಿಯೊಳಗೆ ಮೂಳೆಗಳಷ್ಟೇ ಇದ್ದಂತೆ ಕಾಣುತ್ತಿದ್ದ. ಅವನೇ ಬೀಬಮ್ಮನ ಮಗ ಮುನಾವರ್, ಯುದ್ಧಕ್ಕೆ ಹೋಗಿ ಕಾಣೆಯಾಗಿದ್ದವನು, ಹಿಂದಿನ ಚಳಿಗಾಲದಲ್ಲಷ್ಟೇ ಮನೆಗೆ ಬಂದವನು. ಮುನಿಆಂಜನಪ್ಪ ನೋಟುಗಳನ್ನು ಹೊಸಿಲ ಮೇಲಿಟ್ಟು ಕೈಮುಗಿದ.

"ತಪ್ಪು ತಿಳೀಬೇಡ್ರಮ್ಮ. ಕೆಲ್ಸ ಕೊಡಿ, ಮಾಡ್ತೀವಿ. ಸುಮ್ನೆ ದುಡ್ಡು ಈಸ್ಕೊಳೋಕೆ ಆಗಲ್ಲ."

ಬೀಬಮ್ಮ ನೋಟಿನ ಕಡೆ ನೋಡಲೂ ಇಲ್ಲ. "ಕೂತ್ಕೊಳಪ್ಪ," ಎಂದರು. "ನನ್ನ ಮಗ ಮಲಯಾಕ್ಕೆ ಹೋದ. ಮೂರು ವರ್ಷದ ಮೇಲಾಯ್ತು, ಇದ್ದಾನೋ ಇಲ್ವೋ ಅಂತ ಒಂದು ಸುದ್ದಿ ಇಲ್ಲ. ಆದ್ರೆ ಪೋಸ್ಟ್‌ಮ್ಯಾನ್ ಮಾತ್ರ ತಿಂಗಳು ತಿಂಗಳು ಬಂದು ಅವನ ಸಂಬಳದ ದುಡ್ಡು ಕೊಟ್ಟು ಹೋಗೋನು. ಮಗ ಎಲ್ಲಿದ್ದಾನೋ ಗೊತ್ತಿಲ್ಲ, ಅವನ ದುಡ್ಡಲ್ಲಿ ನಾನು ಸಕ್ಕರೆ ತಂದು ಚಾ ಕುಡೀಲಾ? ಮುಟ್ಲಿಲ್ಲ. ಅವನು ಜೀವಂತ ಬಂದ್ರೆ ಇದು ಯಾವುದಾದ್ರೂ ಒಂದು ಮನೆಗೆ ಅಂತ ಅಲ್ಲಾಗೆ ಮಾತು ಕೊಟ್ಟೆ. ಬಂದ. ಈಗ ನಾನು ಮಾತು ಉಳಿಸ್ಕೋಬೇಕೋ ಬೇಡ್ವೋ, ನೀನೇ ಹೇಳು."

ಮುನಿಆಂಜನಪ್ಪ ತಲೆ ತಗ್ಗಿಸಿದ. "ಸರಿ ಅಮ್ಮ. ಆದ್ರೆ ನಮ್ಗೇ ಯಾಕೆ? ನಿಮ್ಮೋರಲ್ಲೇ ಬಡವ್ರು ಎಷ್ಟೋ ಜನ ಇದಾರೆ."

"ಅವರಿಗೆ ಕೊಡೋದು ಅವರಿಗೆ ಕೊಡ್ತೀನಿ. ಇದು ಬೇರೆ." ಬೀಬಮ್ಮ ಮುನಿವೆಂಕಟಮ್ಮನ ಕಡೆ ಕೈ ತೋರಿಸಿದರು. "ಇವನು ಕಾಣೆಯಾದಾಗ ಬಂದೋರೆಲ್ಲ ನಂಗೆ ಸಮಾಧಾನ ಹೇಳಿದ್ರು. ಸಬರ್ ಮಾಡು, ತಾಳ್ಕೋ, ಎಲ್ಲಾ ಅಲ್ಲಾನ ಇಚ್ಛೆ ಅಂದ್ರು. ನಿನ್ನ ಹೆಂಡ್ತಿ ಮಾತ್ರ ಹುಲ್ಲು ಇಳಿಸಿ ದಿನಾ ಒಂದೇ ಮಾತು ಕೇಳೋಳು. 'ಮಗ ಬಂದ್ರಾ ಬೀಬಮ್ಮ?' ಅಂತ. ಅವನು ಮಾರ್ಕೆಟ್ಟಿಗೆ ಹೋಗಿದ್ದಾನೆ, ಈಗ ಬರ್ತಾನೆ ಅನ್ನೋ ಹಂಗೆ. ಅದೊಂದು ಮಾತು ಕೇಳೋಕೆ ನಾನು ಬೆಳಿಗ್ಗೆ ಎದ್ದು ಬಾಗಿಲಿಗೆ ಬರ್ತಿದ್ದೆ."

ಆ ಮಾತನ್ನು ಮುನಿವೆಂಕಟಮ್ಮ ಸುಮ್ಮನೆ ಕೇಳಿದ್ದಳು, ಯಾರಾದರೂ ಕೇಳುವಂತೆ. ಅದಕ್ಕೆ ಇಷ್ಟು ತೂಕವಿದ್ದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನಿಮಗೆ ಬೇಡವಾದ್ರೆ ದಾರೀಲಿ ನಿಮಗಿಂತ ಕಷ್ಟದಲ್ಲಿ ಇರೋರು ಸಿಕ್ರೆ ಕೊಟ್ಟು ಹೋಗಿ," ಎಂದರು ಬೀಬಮ್ಮ. "ನಂಗೆ ಮಾತ್ರ ವಾಪಸ್ ಬೇಡ."

ಮುನಾವರ್ ಎದ್ದು ಬಂದು ನೋಟುಗಳನ್ನು ಹೊಸಿಲಿನಿಂದ ಎತ್ತಿ ಮುನಿಆಂಜನಪ್ಪನ ಕೈಗೆ ಕೊಟ್ಟ. ಸ್ವಲ್ಪ ನಕ್ಕ.

ಮುನಿಆಂಜನಪ್ಪ ಹಟದ ಮನುಷ್ಯ. ತಮಗಿಂತ ಬಡವರನ್ನು ಹುಡುಕಿ ಕೊಟ್ಟೇ ತೀರುತ್ತೇನೆಂದು ದಾರಿಯ ಎರಡೂ ಬದಿ ನೋಡುತ್ತ ಬಂದ. ಹಲಸೂರು ಕೆರೆಯ ಏರಿಯ ಮೇಲೆ ಮರದ ಕೆಳಗೆ ಒಬ್ಬ ಭಿಕ್ಷುಕ ಮಲಗಿದ್ದ. "ಇಲ್ಲೇ ನಿಂತಿರು," ಎಂದು ಹೆಂಡತಿಗೆ ಹೇಳಿ ಅವನ ಹತ್ತಿರ ಹೋದ. ಮುನಿವೆಂಕಟಮ್ಮ ಕೆರೆಯ ಕಡೆ ಮುಖ ತಿರುಗಿಸಿ ನಿಂತಳು. ದುಡ್ಡು ಹೋಗುವುದನ್ನು ನೋಡಲು ಮನಸ್ಸಾಗಲಿಲ್ಲ. ಆ ಇಪ್ಪತ್ತು ರೂಪಾಯಿ ಬೇಕೆಂದು ತನಗೆ ಎಷ್ಟು ಆಸೆಯಿತ್ತೆಂಬುದು ಆಗಲೇ ಅವಳಿಗೆ ತಿಳಿದದ್ದು.

ಗಂಡ ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು. ಏರಿಯ ಕಲ್ಲಿನ ಮೇಲೆ ಕುಸಿದು ಕೂತ.

"ಕೊಟ್ರಾ?"

"ನನ್ನತ್ರ ಇದ್ದ ಎರಡಾಣೆ ಕೊಟ್ಟೆ." ಅವನು ಮುಖ ಒರೆಸಿಕೊಂಡ. "ಇದು ನಮ್ಗೇ ಬೇಕು ಕಣೇ. ಶಾಂತು ನಿನ್ನೆ ರಾತ್ರಿ ನೀರು ಕುಡ್ದು ಮಲಗಿದ್ದು ನಾನೂ ನೋಡ್ದೆ. ಇದನ್ನ ಇನ್ನೊಬ್ಬನಿಗೆ ಕೊಟ್ಟು ಹೋದ್ರೆ ನಾನೆಂಥಾ ಅಪ್ಪ?"

ಹಾಗೆಂದವನು ತನ್ನ ಹಟಕ್ಕೆ ತಾನೇ ನಕ್ಕುಬಿಟ್ಟ. ಮುನಿವೆಂಕಟಮ್ಮನಿಗೂ ನಗು ಬಂತು. ಕೆಲಸ ಹೋದ ಮೇಲೆ ಗಂಡ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಇಬ್ಬರೂ ಹಲಸೂರು ಪೇಟೆಯಲ್ಲಿ ರಾಗಿ ಹಿಟ್ಟು, ಬೆಲ್ಲ, ತೊಗರಿಬೇಳೆ, ಮಗಳಿಗೆ ಒಂದು ಪೊಟ್ಟಣ ಖಾರಾಬೂಂದಿ ಕೊಂಡು ಮನೆಗೆ ಬಂದರು. ಆ ರಾತ್ರಿ ಮುದ್ದೆ ಗಟ್ಟಿಯಾಗಿತ್ತು, ಸಾರಿನಲ್ಲಿ ಬೇಳೆ ಕಾಣುತ್ತಿತ್ತು. ಶಾಂತಕುಮಾರಿ ಇನ್ನೊಂದು ತುಂಡು ಕೇಳಿದಳು. ಮುನಿವೆಂಕಟಮ್ಮ ಮಡಕೆಯ ಕಡೆ ನೋಡದೆ ಬಡಿಸಿದಳು.

ಮರುತಿಂಗಳು ಚಿಕ್ಕಮುನಿಯಮ್ಮ ಬಾಯಿಬಿಟ್ಟಳು. "ಮಾಲೂರಲ್ಲಿ ನಮ್ಮಕ್ಕ ಇದಾಳೆ. ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು."

"ರೈಲ್ ಚಾರ್ಜಿಗೆ ದುಡ್ಡು ಸುರೀಬೇಕಾ ಅವ್ವ? ಹೊಟ್ಟೆಗೆ ಮೊದ್ಲು," ಎಂದ ಮಗ.

ಮುನಿವೆಂಕಟಮ್ಮ ಅತ್ತೆಯ ಪರ ನಿಂತಳು. "ಇದ್ಕೇ ಖರ್ಚು ಮಾಡಿ ಅಂತ ಬೀಬಮ್ಮ ಹೇಳಿದಾರಾ? ಇಲ್ವಲ್ಲ. ಹಂಗಾದ್ರೆ ಅತ್ತಮ್ಮ ಹೋಗ್ಬರ್ಲಿ." ಮದುವೆಯಾಗಿ ಬಂದಾಗಿನಿಂದ ಈ ಮುದುಕಿ ತನಗಾಗಿ ಏನನ್ನೂ ಕೇಳಿದ್ದು ಅವಳು ಕಂಡಿರಲಿಲ್ಲ. ಕೃಷ್ಣರಾಜಪುರದ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದರು. ಎಂಟು ದಿನ ಇದ್ದು ಬಂದ ಅತ್ತೆ ಸೊಂಟ ನೆಟ್ಟಗೆ ಮಾಡಿಕೊಂಡು ಓಡಾಡಿದಳು. ಅಕ್ಕ ಏನು ಹೇಳಿದಳು, ಅಕ್ಕನಿಗೆ ತಾನೇನು ಹೇಳಿದೆ ಎಂಬ ಮಾತು ಎಷ್ಟೋ ದಿನ ಮುಗಿಯಲೇ ಇಲ್ಲ.

ಊರಿನಲ್ಲಿ ಒಂದೆರಡು ಬಾಯಿ ಆಡಿಕೊಂಡವು. ಸಾಬರ ದುಡ್ಡು ತಿನ್ನುತ್ತಾರೆ, ನಾಳೆ ಹೊಲ ಬರೆಸಿಕೊಳ್ಳುತ್ತಾರೆ ನೋಡು ಎಂದವು. ಮುನಿಆಂಜನಪ್ಪ ಮೊದಮೊದಲು ಕುದ್ದ. ಆಮೇಲೆ ಹೊಟ್ಟೆ ತುಂಬಿದ ಮನುಷ್ಯನ ತಲೆ ಬೇರೆ ಕಡೆ ಓಡತೊಡಗಿತು. ಸಂಜೆಯ ಹೊತ್ತು ಹೊಲಕ್ಕೆ ಹೋಗಿ ಮುಚ್ಚಿಹೋದ ಬಾವಿಯ ಸುತ್ತ ತಿರುಗುವನು. ಕೊನೆಗೆ ಒಂದು ದಿನ ಹೇಳಿದ: "ಬಾವಿ ತೋಡಿಸಾನ. ನೀರು ಬಂದ್ರೆ ದಂಡಿನೋರು ತಿನ್ನೋ ತರಕಾರಿ ಬೆಳೀಬೋದು. ಹೂಕೋಸು, ನವಿಲುಕೋಸು. ರಸೆಲ್ ಮಾರ್ಕೆಟ್ಟಲ್ಲಿ ಹಂಗೇ ಕಿತ್ಕೊಂಡು ಹೋಗ್ತಾರೆ."

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಇಬ್ಬರು ಒಡ್ಡರ ಆಳುಗಳು, ಅವರ ಜೊತೆಗೆ ಮುನಿಆಂಜನಪ್ಪ. ಮೇಲೆ ನಿಂತು ಬುಟ್ಟಿ ಎಳೆಯುವುದು ಮುನಿವೆಂಕಟಮ್ಮ. ಮೂರು ತಿಂಗಳ ದುಡ್ಡಿನಲ್ಲಿ ಊಟ ಕಳೆದು ಉಳಿದದ್ದೆಲ್ಲ ಆ ಗುಂಡಿಗೆ ಇಳಿಯಿತು. ಹಳೆಯ ಮಣ್ಣು ಬಂತು, ಕೊಳೆತ ಬೇರು ಬಂತು, ಕುಸಿದ ಕಲ್ಲು ಬಂತು. ನೀರು ಬರಲಿಲ್ಲ. ತಳದಲ್ಲಿ ಬಂಡೆ ಸಿಕ್ಕಿತು. ಒಡ್ಡರು ಸಾಮಾನು ಕಟ್ಟಿದರು. ಮುನಿಆಂಜನಪ್ಪ ಬಾವಿಯೊಳಗಿಂದ ಮೇಲೆ ಬಂದು, ಮೈಮೇಲಿನ ಮಣ್ಣನ್ನೂ ತೊಳೆಯದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಮರುದಿನ ಹುಲ್ಲು ಹೊತ್ತು ಹೋದ ಮುನಿವೆಂಕಟಮ್ಮನಿಗೆ ಬೀಬಮ್ಮನ ಮುಖ ನೋಡಲಾಗಲಿಲ್ಲ. ಹೊರೆ ಇಳಿಸಿದವಳು ನೇರ ಲಾಯಕ್ಕೆ ಹೋಗಿ ಪೊರಕೆ ಹಿಡಿದು ಲದ್ದಿ ಬಾಚತೊಡಗಿದಳು. ಕಲಗಚ್ಚಿನ ಬಾನಿ ತಿಕ್ಕಿದಳು. ನೆಲ ತೊಳೆದಳು. ಮುನಾವರನ ಹೆಂಡತಿ ಫಹ್ಮಿದಾ ಅದನ್ನು ನೋಡಿ ಅತ್ತೆಯನ್ನು ಕರೆತಂದಳು.

"ಏನಿದು ವೆಂಕಟಮ್ಮ?"

"ನಿಮ್ ದುಡ್ಡೆಲ್ಲಾ ಮಣ್ಣಾಯ್ತು ಬೀಬಮ್ಮ. ಬಾವಿ ತೋಡಿಸಿದ್ವಿ. ಬಂಡೆ ಬಂತು, ನೀರು ಬರ್ಲಿಲ್ಲ. ಇಷ್ಟಾದ್ರೂ ಮಾಡಿ ತೀರಿಸ್ತೀನಿ."

ಬೀಬಮ್ಮ ಅವಳ ಕೈಯಿಂದ ಪೊರಕೆ ಕಿತ್ತು ಮೂಲೆಗೆ ಎಸೆದರು. ಅಷ್ಟು ಸಿಟ್ಟನ್ನು ಮುನಿವೆಂಕಟಮ್ಮ ಅವರ ಮುಖದಲ್ಲಿ ಕಂಡಿರಲಿಲ್ಲ.

"ಯಾರ ದುಡ್ಡು? ನನ್ನ ದುಡ್ಡಾ? ನಾನು ಕೊಟ್ಟ ದಿನವೇ ಅದು ನಿನ್ನ ದುಡ್ಡಾಯ್ತು. ಹೋದ್ರೆ ನಿನ್ನ ದುಡ್ಡು ಹೋಯ್ತು, ಅದಕ್ಕೆ ಬೇಕಾದ್ರೆ ಅಳು, ನಾನೂ ಪಕ್ಕದಲ್ಲಿ ಕೂತು ಅಳ್ತೀನಿ. ಆದ್ರೆ ನನ್ನ ಹರಕೆಯನ್ನ ಕೂಲಿ ಮಾಡ್ಬೇಡ. ನೀನು ಲಾಯ ಗುಡಿಸಿ ತೀರಿಸಿದ್ರೆ ನಾನು ಅಲ್ಲಾಗೆ ಕೊಟ್ಟ ಮಾತು ಏನಾಗ್ಬೇಕು?"

ಮುನಿವೆಂಕಟಮ್ಮ ನಿಂತಲ್ಲೇ ಅತ್ತಳು. ಬೀಬಮ್ಮ ಒಳಗೆ ಹೋಗಿ ಆ ತಿಂಗಳ ದುಡ್ಡು ತಂದು ಎಂದಿನಂತೆ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಫಹ್ಮಿದಾ ಒಂದು ಲೋಟ ಚಾ ತಂದುಕೊಟ್ಟಳು. "ಕುಡೀರಿ ಅಕ್ಕ," ಎಂದಳು. ಆ ಮನೆಯಲ್ಲಿ ಮುನಿವೆಂಕಟಮ್ಮ ಕೂತು ಚಾ ಕುಡಿದದ್ದು ಅದೇ ಮೊದಲು. ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು, ಬೆರಳಿಂದ ಬಳಿದು ತಿಂದಳು.

ಮನೆಗೆ ಬಂದು ಗಂಡನಿಗೆ ಹೇಳಿದಳು: "ಏಳಿ. ಹೋದ್ರೆ ನಮ್ದೇ ಹೋಯ್ತಂತೆ. ನಮ್ದೇ ಅಂದ್ಮೇಲೆ ಇನ್ನೊಂದ್ಸಲ ಹಾಕಾನ."

ಈ ಸಲ ಬಂಡೆ ಒಡೆಯುವ ಮೇಸ್ತ್ರಿಯನ್ನು ಲಿಂಗರಾಜಪುರದಿಂದ ಕರೆತಂದರು. ಅವನು ಕುಳಿ ಕೊರೆದು, ಮದ್ದು ತುಂಬಿ, ಎಲ್ಲರನ್ನೂ ದೂರ ಓಡಿಸಿ ಬತ್ತಿಗೆ ಬೆಂಕಿ ಇಟ್ಟ. ಊರೆಲ್ಲ ಅದುರುವಂಥ ಸದ್ದು. ಹೊಗೆ ಕರಗಿದ ಮೇಲೆ ಬಗ್ಗಿ ನೋಡಿದರೆ ಬರೀ ಕಲ್ಲಿನ ಚೂರು. ಮುನಿಆಂಜನಪ್ಪ ಹಗ್ಗ ಹಿಡಿದು ಇಳಿದ. ಮೇಲೆ ಮುನಿವೆಂಕಟಮ್ಮ ಬಗ್ಗಿ ನೋಡುತ್ತ ನಿಂತಿದ್ದಳು. ಕೆಳಗಿನಿಂದ ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಅವನ ದನಿ ಬಾವಿಯ ಗೋಡೆಗೆ ಬಡಿದು ಮೇಲೆ ಬಂತು.

"ಪಾದ ತಣ್ಣಗಾಗ್ತಾ ಐತೆ ಕಣೇ!"

ಸಂಜೆಯ ಹೊತ್ತಿಗೆ ಮೊಣಕಾಲುದ್ದ ನೀರು. ಮುದುಕಿ ಚಿಕ್ಕಮುನಿಯಮ್ಮ ಮೊದಲ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಊರದೇವರ ಹೆಸರನ್ನೂ ಬೀಬಮ್ಮನ ಹೆಸರನ್ನೂ ಒಂದೇ ಉಸಿರಿಗೆ ಹೇಳಿ ಕೈಮುಗಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ಹೊಲದಲ್ಲಿ ನವಿಲುಕೋಸು ಗುಂಡಗಾಗುತ್ತಿತ್ತು, ಹೂಕೋಸಿನ ಎಲೆ ಅಗಲವಾಗುತ್ತಿತ್ತು. ಮುನಿವೆಂಕಟಮ್ಮನ ತಲೆಯ ಮೇಲೆ ಹುಲ್ಲಿನ ಬದಲು ತರಕಾರಿ ಬುಟ್ಟಿ ಏರಿತು. ಬೀಬಮ್ಮನ ಕುದುರೆಗಳಿಗೆ ಹುಲ್ಲು ತರಲು ತಿಪ್ಪಸಂದ್ರದ ಇನ್ನೊಬ್ಬ ಹೆಂಗಸನ್ನು ಅವಳೇ ಗೊತ್ತು ಮಾಡಿಕೊಟ್ಟಳು. ಶಾಂತಕುಮಾರಿ ಸ್ಲೇಟು ಹಿಡಿದು ಶಾಲೆಗೆ ಹೋಗತೊಡಗಿದಳು. ಮೊದಲ ವಾರ ಅತ್ತಳು, ಎರಡನೆಯ ವಾರ ಅಜ್ಜಿಗೇ ಪಾಠ ಹೇಳಿದಳು.

ಕೊನೆಯ ತಿಂಗಳ ದುಡ್ಡನ್ನು ಕೊಡಲು ಬೀಬಮ್ಮ ತಾವೇ ಕಗ್ಗದಾಸಪುರಕ್ಕೆ ಬಂದರು. ಅವರೆಕಾಯಿಯ ಕಾಲ. ಜಟಕಾ ಹೊಡೆದುಕೊಂಡು ಬಂದವನು ಮುನಾವರ್. ಪಕ್ಕದಲ್ಲಿ ಫಹ್ಮಿದಾ. ಊರವರು ಬಾಗಿಲಲ್ಲಿ ನಿಂತು ನೋಡಿದರು. ಹೊಲ ಬರೆಸಿಕೊಳ್ಳಲು ಬಂದರು ಎಂದು ಯಾರೋ ಪಿಸುಗುಟ್ಟಿದರು. ಬಂದವರು ಬದುವಿನ ಮೇಲೆ ನಡೆದು ಬಾವಿಯಲ್ಲಿ ಬಗ್ಗಿ ನೋಡಿ, ನೀರು ಸೇದಿ ಕುಡಿದು, ಚಾಪೆಯ ಮೇಲೆ ಕೂತರು, ಅಷ್ಟೇ.

ಮುನಿವೆಂಕಟಮ್ಮ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ತಿನ್ನುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಮುನಾವರ್ ಕೈ ತೊಳೆದು ಕೂತೇಬಿಟ್ಟ. ಮುದ್ದೆಯ ತುಂಡನ್ನು ಬಾಯಿಗಿಟ್ಟು ಅಗಿಯತೊಡಗಿದ.

"ಅಗೀಬಾರ್ದು ಕಣಪ್ಪ, ನುಂಗು, ನುಂಗು!" ಎಂದು ಚಿಕ್ಕಮುನಿಯಮ್ಮ ಕೂಗಿದಳು. ಅವನು ನುಂಗಲು ಹೋಗಿ ಕೆಮ್ಮಿದ. ಎಲ್ಲರೂ ನಕ್ಕರು. ಬೀಬಮ್ಮ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಊಟ ಮುಗಿದ ಮೇಲೆ ಮುನಾವರ್ ತಾನಾಗಿಯೇ ಮಾತಾಡಿದ. "ಮಲಯಾದಲ್ಲಿ ಜಪಾನಿನೋರ ಸೆರೇಲಿದ್ದಾಗ ನಮ್ಮನ್ನ ಕೆಲಸಕ್ಕೆ ಕರ್ಕೊಂಡು ಹೋಗೋ ದಾರೀಲಿ ಒಬ್ಬ ಹೆಂಗಸಿನ ಗುಡಿಸಲಿತ್ತು. ಕಾವಲಿನವನು ಆ ಕಡೆ ತಿರುಗಿದ್ರೆ ಸಾಕು, ಬೇಲಿ ಮೇಲಿಂದ ಬೇಯಿಸಿದ ಗೆಣಸು ಎಸೆಯೋಳು. ಯಾವ ಜಾತಿ, ಯಾವ ದೇಶ, ಏನೂ ಕೇಳ್ಲಿಲ್ಲ. ನಾನು ಬದುಕಿದ್ದು ಅದರಿಂದ. ಅವಳಿಗೆ ಒಂದು ಮಾತು ಹೇಳೋಕೂ ಆಗ್ಲಿಲ್ಲ." ಅವನು ಮುನಿಆಂಜನಪ್ಪನ ಕಡೆ ನೋಡಿದ. "ಅಮ್ಮ ಇಲ್ಲಿ ಕೊಟ್ಟಿದ್ದಕ್ಕೆ ನಂಗೆ ಬಹಳ ಸಮಾಧಾನ ಆಯ್ತು ಅಣ್ಣ. ಇದನ್ನ ಹೇಳ್ಬೇಕು ಅಂತಾನೇ ಬಂದೆ."

ಮುನಿಆಂಜನಪ್ಪ ಎದ್ದು ಹೋಗಿ, ಹೊಲದಲ್ಲಿದ್ದ ಅತಿ ದೊಡ್ಡ ನವಿಲುಕೋಸುಗಳನ್ನು ಕಿತ್ತು ಜಟಕಾದ ತುಂಬ ಸುರಿದ. ಬೀಬಮ್ಮ ಬೇಡವೆನ್ನಲಿಲ್ಲ.

ಮುನಿವೆಂಕಟಮ್ಮ ಎಷ್ಟೋ ದಿನದಿಂದ ಈ ಹೊತ್ತಿಗೆಂದು ಮಾತುಗಳನ್ನು ಕೂಡಿಟ್ಟುಕೊಂಡಿದ್ದಳು. ನಿಮ್ಮಿಂದ ನಾವು ಬದುಕಿದೆವು, ನಿಮ್ಮ ಹೊಟ್ಟೆ ತಣ್ಣಗಿರಲಿ, ಹೀಗೆ. ಆದರೆ ಊಟ, ನಗು, ಫಹ್ಮಿದಾಳಿಗೆ ಹೂಕೋಸಿನ ಸಸಿ ತೋರಿಸುವುದು, ಈ ಗಲಾಟೆಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಜಟಕಾ ಹೊರಟು ಕೆರೆಯ ಏರಿ ಹತ್ತುತ್ತಿರುವಾಗ ಗಂಡ ಕೇಳಿದ: "ಹೇಳಿದ್ಯಾ?"

"ಅಯ್ಯೋ, ಮರ್ತೇಬಿಟ್ಟೆ!"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಅವಳ ಕೂಗಿಗೆ ಮುನಾವರ್ ಲಗಾಮು ಎಳೆದ. ಏನೋ ಮರೆತು ಬಿಟ್ಟುಬಂದೆವೆಂದು ಬೀಬಮ್ಮ ಪರದೆ ಸರಿಸಿ ತಲೆ ಹೊರಗೆ ಹಾಕಿದರು. ಮುನಿವೆಂಕಟಮ್ಮ ಏದುಸಿರು ಬಿಡುತ್ತ ಚಕ್ರದ ಪಕ್ಕದಲ್ಲಿ ನಿಂತಳು. ಕೂಡಿಟ್ಟ ಮಾತು ಒಂದೂ ಬಾಯಿಗೆ ಬರಲಿಲ್ಲ. ಬೀಬಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬೀಬಮ್ಮ ಎಳೆದುಕೊಳ್ಳಲಿಲ್ಲ, ಇನ್ನೊಂದು ಕೈಯನ್ನು ಅವಳ ತಲೆಯ ಮೇಲಿಟ್ಟರು.

ಕೊನೆಗೆ ಮುನಿವೆಂಕಟಮ್ಮ ಹೇಳಿದ್ದು ಇಷ್ಟು: "ಮುಂದಿನ್ ವಾರ ಹೂಕೋಸು ಬಲಿಯುತ್ತೆ ಬೀಬಮ್ಮ. ಮೊದಲ್ನೇದು ನಿಮ್ಗೇ ತರ್ತೀನಿ."

"ತಗೊಂಡು ಬಾ. ಆದ್ರೆ ದುಡ್ಡು ಕೊಟ್ಟೇ ತಗೋತೀನಿ. ಬೇಡ ಅನ್ಬಾರ್ದು."

"ಅನ್ನಲ್ಲ," ಎಂದಳು ಮುನಿವೆಂಕಟಮ್ಮ, ಕಣ್ಣೊರೆಸಿಕೊಳ್ಳುತ್ತ. "ಕೊಡಿ, ತಗೋತೀನಿ. ಆದ್ರೆ ಮಾರ್ಕೆಟ್ ರೇಟೇ ಕೊಡ್ಬೇಕು, ನೋಡಿ ಮತ್ತೆ!"

ಬೀಬಮ್ಮನ ನಗು ಏರಿಯುದ್ದಕ್ಕೂ ಕೇಳಿಸಿತು. ಮುನಾವರ್ ಲಗಾಮು ಸಡಿಲ ಬಿಟ್ಟ. ಜಟಕಾ ತಿಪ್ಪಸಂದ್ರದ ತಿರುವಿನಲ್ಲಿ ಮರೆಯಾಗುವವರೆಗೂ ಮುನಿವೆಂಕಟಮ್ಮ ನಿಂತಿದ್ದು, ಆಮೇಲೆ ಹೊಲಕ್ಕೆ ನೀರು ಹಾಯಿಸುವ ಹೊತ್ತಾಯಿತೆಂದು ಲಗುಬಗೆಯಿಂದ ತಿರುಗಿದಳು.